ಪದದಲ್ಲಿ ಅರ್ಧ, ದನಿಯಲ್ಲಿ ಅರ್ಧ

ಜುಲೈ ತಿಂಗಳ ಜಡಿಮಳೆಯಲ್ಲಿ ಕೊಡಗಿನ ಭಾಗಮಂಡಲದ ಪೇಟೆಬೀದಿಯಲ್ಲಿ ಯಾರಾದರೂ ‘ನೀರು ಬಂತು!’ ಎಂದರೆ ಅಂಗಡಿಯವರು ಕೆಳಗಿಟ್ಟ ಮೂಟೆಗಳನ್ನು ಮೇಲಕ್ಕೆ ಎತ್ತಿಡುತ್ತಾರೆ. ತ್ರಿವೇಣಿ ಸಂಗಮ ತುಂಬಿ ರಸ್ತೆಗೆ ಹರಿಯುತ್ತಿದೆ ಎಂದು ಅದರ ಅರ್ಥ. ಮಾರ್ಚ್ ತಿಂಗಳಲ್ಲಿ ಅದೇ ಬೀದಿಯ ಮನೆಯೊಂದರ ಹಿತ್ತಲಿನಿಂದ ‘ನೀರು ಬಂತು’ ಎಂಬ ಮಾತು ಕೇಳಿದರೆ ಕೊಡ ತೊಳೆದು ನಲ್ಲಿಯ ಕೆಳಗೆ ಇಡುತ್ತಾರೆ. ಎರಡು ಸಲವೂ ಪದಗಳು ಅವೇ. ಮೊದಲನೆಯದನ್ನು ಕೇಳಿದರೆ ಎದೆ ಡವಗುಟ್ಟುತ್ತದೆ, ಎರಡನೆಯದಕ್ಕೆ ‘ಅಬ್ಬಾ’ ಎಂಬ ನಿಟ್ಟುಸಿರು ಬರುತ್ತದೆ. ವ್ಯತ್ಯಾಸವನ್ನೆಲ್ಲ ಹೊತ್ತು ತಂದದ್ದು ದನಿ.

ಅಕ್ಟೋಬರ್ ನಡುವಿನಲ್ಲಿ, ಸೂರ್ಯ ತುಲಾ ರಾಶಿಗೆ ಕಾಲಿಡುವ ಮುಹೂರ್ತದಲ್ಲಿ, ಅಲ್ಲಿಂದ ಎಂಟು ಕಿಲೋಮೀಟರ್ ಮೇಲಿನ ತಲಕಾವೇರಿಯ ಕುಂಡಿಕೆಯಲ್ಲಿ ನೀರು ಉಕ್ಕುವುದನ್ನು ಕಾಣಲು ಸಾವಿರಾರು ಜನ ಕಾದು ನಿಂತಿರುತ್ತಾರೆ. ಅಲ್ಲಿ ‘ನೀರು ಬಂತು’ ಎನ್ನುವವರಿಲ್ಲ. ‘ತೀರ್ಥ ಬಂತು’ ಎನ್ನುತ್ತಾರೆ. ಅಲ್ಲಿ ಹುಟ್ಟಿದ ಕಾವೇರಿಯೇ ಕೆಳಗೆ ಸಂಗಮದಲ್ಲಿ ಹರಿಯುವುದು. ಆದರೂ ಪದ ಬದಲಾಯಿತು.

ಒಂದೇ ಮಾತು ಬೇರೆ ಬೇರೆ ಧಾಟಿಯಲ್ಲಿ ಬೇರೆ ಬೇರೆ ಅರ್ಥ ಕೊಡುತ್ತದೆ. ಒಂದೇ ವಸ್ತುವಿಗೆ ಬೇರೆ ಬೇರೆ ಪದಗಳಿದ್ದು, ಒಂದೊಂದೂ ತನ್ನದೇ ಸಂದರ್ಭವನ್ನು ಬೇಡುತ್ತದೆ. ಶಾಲೆಯ ವ್ಯಾಕರಣದಲ್ಲಿ ಮೊದಲನೆಯದಕ್ಕೆ ಜಾಗವೇ ಇಲ್ಲ; ಎರಡನೆಯದು ‘ಸಮಾನಾರ್ಥಕ ಪದಗಳು’ ಎಂಬ ಪಟ್ಟಿಯಾಗಿ ಉಳಿದಿದೆ. ಮಾತನಾಡುವ ಮನುಷ್ಯ ಮಾತ್ರ ಇವೆರಡನ್ನೂ ಬೇರ್ಪಡಿಸುವುದಿಲ್ಲ. ಪದ ಅರ್ಧ ಹೇಳುತ್ತದೆ, ಉಳಿದರ್ಧವನ್ನು ದನಿ ತುಂಬುತ್ತದೆ. ಹಲವು ಭಾಷೆಗಳು ಕೂಡಿ ಬಾಳುವ ಭಾಗಮಂಡಲದಂಥ ಊರಿನಲ್ಲಿ ನಿಂತರೆ ಇದು ಚೆನ್ನಾಗಿ ಕಿವಿಗೆ ಬೀಳುತ್ತದೆ.

ದನಿಯ ನಾಲ್ಕು ಕೆಲಸ

ನಾವು ಮಾತನಾಡುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುತ್ತವೆ. ಸಾಮಾನ್ಯ ಮಾತಿನಲ್ಲಿ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ ಈ ಕಂಪನ ನಡೆಯುತ್ತದೆ. ಮಕ್ಕಳಲ್ಲಿ ಇನ್ನೂ ಹೆಚ್ಚು. ಕಂಪನ ಹೆಚ್ಚಿದರೆ ದನಿ ಏರುತ್ತದೆ, ತಗ್ಗಿದರೆ ಇಳಿಯುತ್ತದೆ. ಒಂದು ವಾಕ್ಯ ಆಡಿ ಮುಗಿಸುವಷ್ಟರಲ್ಲಿ ಈ ಏರಿಳಿತ ಹಲವು ಸಲ ಆಗಿರುತ್ತದೆ. ಇದರ ಜೊತೆಗೆ ಯಾವ ಪದದ ಮೇಲೆ ಒತ್ತು ಬಿತ್ತು, ಎಲ್ಲಿ ವೇಗ ಹೆಚ್ಚಿತು, ಎಲ್ಲಿ ತಡೆದು ನಿಂತೆವು ಎಂಬುದೂ ಸೇರುತ್ತದೆ. ಏರಿಳಿತ, ಒತ್ತು, ವೇಗ, ನಿಲುಗಡೆ: ಇವು ನಾಲ್ಕೂ ಕೂಡಿ ಮಾತಿನ ಧಾಟಿ.

ನಿಲುಗಡೆಯೊಂದರ ಬಲ ಎಷ್ಟೆಂದು ತಿಳಿಯಲು ಚಿಕ್ಕ ವಾಕ್ಯ ಸಾಕು. ‘ರಾಮಣ್ಣ ಮಾವ ಬಂದ್ರು’ ಎಂದು ಒಂದೇ ಉಸಿರಿಗೆ ಹೇಳಿದರೆ ಬಂದವರು ರಾಮಣ್ಣ ಎಂಬ ಮಾವ. ‘ರಾಮಣ್ಣ’ ಎಂದು ಕೊಂಚ ನಿಂತು ‘ಮಾವ ಬಂದ್ರು’ ಎಂದರೆ ರಾಮಣ್ಣ ಎದುರಿಗೆ ನಿಂತಿದ್ದಾರೆ, ಬಂದವರು ಇನ್ಯಾರೋ. ಬರೆಯುವಾಗ ಅಲ್ಪವಿರಾಮ ಮಾಡುವ ಕೆಲಸವನ್ನು ಮಾತಿನಲ್ಲಿ ಕ್ಷಣಮಾತ್ರದ ಮೌನ ಮಾಡುತ್ತದೆ.

ಕೆಲವು ಭಾಷೆಗಳಲ್ಲಿ ದನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪದವನ್ನೇ ಬದಲಿಸುತ್ತದೆ. ಚೀನಾದ ಮ್ಯಾಂಡರಿನ್‌ನಲ್ಲಿ ‘ಮಾ’ ಎಂಬ ಒಂದೇ ಉಚ್ಚಾರ ನಾಲ್ಕು ಧಾಟಿಗಳಲ್ಲಿ ತಾಯಿ, ಸೆಣಬು, ಕುದುರೆ, ಬೈಗುಳ ಎಂದು ನಾಲ್ಕು ಅರ್ಥ ಕೊಡುತ್ತದೆ. ವೇದದ ಭಾಷೆಯಲ್ಲೂ ಉದಾತ್ತ, ಅನುದಾತ್ತ, ಸ್ವರಿತ ಎಂಬ ಸ್ವರಗಳಿದ್ದು ಅರ್ಥವನ್ನು ತಿರುಗಿಸಬಲ್ಲವಾಗಿದ್ದವು. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ತ್ವಷ್ಟೃ ಯಜ್ಞ ಮಾಡಿದ ಕಥೆ ವ್ಯಾಕರಣ ಓದಿದವರಿಗೆ ಗೊತ್ತು. ‘ಇಂದ್ರಶತ್ರು’ ಎಂಬ ಪದದ ಕೊನೆಯಲ್ಲಿ ಏರಬೇಕಾದ ಸ್ವರ ಮೊದಲಲ್ಲಿ ಏರಿತು. ‘ಇಂದ್ರನನ್ನು ಕೊಲ್ಲುವವನು’ ಎಂಬುದು ‘ಇಂದ್ರನಿಂದ ಸಾಯುವವನು’ ಎಂದಾಯಿತು. ಹುಟ್ಟಿದ ವೃತ್ರ ಇಂದ್ರನ ಕೈಯಲ್ಲೇ ಸತ್ತ. ಪತಂಜಲಿ ತನ್ನ ಮಹಾಭಾಷ್ಯದ ಆರಂಭದಲ್ಲೇ ಈ ನಿದರ್ಶನವನ್ನು ನೆನೆಯುತ್ತಾನೆ.

ಕನ್ನಡದಲ್ಲಿ ದನಿ ಹೀಗೆ ಪದವನ್ನು ಬದಲಿಸುವುದಿಲ್ಲ. ಆಡಿದವರ ಮನಸ್ಸನ್ನು ತಿಳಿಸುತ್ತದೆ. ನಮ್ಮ ಹಳೆಯ ಕಾವ್ಯಮೀಮಾಂಸೆ ಇದನ್ನು ‘ಕಾಕು’ ಎಂದು ಕರೆಯಿತು. ಭರತನ ನಾಟ್ಯಶಾಸ್ತ್ರ ಕಾಕುವಿನಲ್ಲಿ ಎರಡು ಬಗೆ ಹೇಳುತ್ತದೆ. ಮಾತು ಇನ್ನೂ ಮುಗಿದಿಲ್ಲ, ಏನನ್ನೋ ಬಯಸುತ್ತಿದೆ ಎಂದು ತೋರಿಸುವುದು ಸಾಕಾಂಕ್ಷ. ಹೇಳಬೇಕಾದ್ದು ಹೇಳಿಯಾಯಿತು ಎಂದು ತೋರಿಸುವುದು ನಿರಾಕಾಂಕ್ಷ. ಎದೆ, ಕಂಠ, ಶಿರಸ್ಸು ಎಂಬ ಮೂರು ಸ್ಥಾನಗಳನ್ನೂ, ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತ ಎಂಬ ಆರು ರೀತಿಗಳನ್ನೂ ಅದು ಎಣಿಸುತ್ತದೆ. ದೂರದವರನ್ನು ಕರೆಯಲು ಒಂದು ಸ್ಥಾನ, ಪಕ್ಕದವರೊಡನೆ ಆಡಲು ಇನ್ನೊಂದು. ಮಾತು ಬಾಕಿ ಇದೆಯೋ ಮುಗಿಯಿತೋ ಎಂಬುದನ್ನು ದನಿಯೇ ತೋರಿಸುತ್ತದೆ ಎಂದು ಇಂದಿನ ಭಾಷಾವಿಜ್ಞಾನ ಹಲವು ಭಾಷೆಗಳಲ್ಲಿ ಗುರುತಿಸಿದ್ದನ್ನು ಆ ಗ್ರಂಥ ರಂಗದ ಮೇಲಿನ ನಟನಿಗಾಗಿ ಬಹಳ ಹಿಂದೆಯೇ ಬರೆದಿಟ್ಟಿತ್ತು.

ಕನ್ನಡ ಹಂಚಿಕೊಂಡ ಬಗೆ

‘ನಾಳೆ ನಾನು ಮಡಿಕೇರಿಗೆ ಹೋಗ್ತೇನೆ.’ ಈ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳುವವರು ನಾಳೆ ಎಂಬುದು ಮುಖ್ಯವಾದರೆ ಆ ಪದವನ್ನು ಒತ್ತುತ್ತಾರೆ, ನಾನು ಎಂಬುದು ಮುಖ್ಯವಾದರೆ ಅದನ್ನು. ಬರೆದ ವಾಕ್ಯದಲ್ಲಿ ಆ ಒತ್ತು ಕಾಣುವುದಿಲ್ಲ. ಕನ್ನಡದವರಿಗೆ ಇನ್ನೊಂದು ದಾರಿ ಇದೆ. ‘ನಾಳೆಯೇ’, ‘ನಾನೇ’, ‘ಮಡಿಕೇರಿಗೇ’ ಎಂದು ಒಂದು ‘ಏ’ ಹಚ್ಚಿದರೆ ಒತ್ತು ಯಾರ ಕಣ್ಣಿಗೂ ಕಾಣುತ್ತದೆ. ಹಟ ತೋರಿಸಬೇಕಾದರೆ ‘ಹೋಗೇ ಹೋಗ್ತೇನೆ’. ಕೇಳಬೇಕಾದರೆ ‘ಆ’: ‘ಹೋಗ್ತೀಯಾ?’ ಅನುಮಾನಕ್ಕೆ ‘ಓ’: ‘ಹೋಗ್ತಾನೋ ಇಲ್ಲವೋ’. ಜೊತೆಗೂಡಿಸಲು ‘ಊ’: ‘ನಾನೂ’. ತಾನು ಕಂಡದ್ದಲ್ಲ, ಕೇಳಿದ್ದು ಎನ್ನಲು ‘ಅಂತೆ’: ‘ಹೋಗ್ತಾರಂತೆ’. ಪದಗಳ ಜಾಗ ಬದಲಿಸಿ ‘ನಾಳೆ ಮಡಿಕೇರಿಗೆ ಹೋಗೋದು ನಾನು’ ಎಂದರೂ ಒತ್ತು ತಾನಾಗಿ ನನ್ನ ಮೇಲೆ ಬಂದು ಕೂರುತ್ತದೆ.

ಬೇರೆ ಭಾಷೆಗಳು ದನಿಗೆ ಒಪ್ಪಿಸಿದ ಕೆಲಸದಲ್ಲಿ ದೊಡ್ಡ ಪಾಲನ್ನು ಕನ್ನಡ ಈ ಪುಟ್ಟ ಪ್ರತ್ಯಯಗಳಿಗೆ ಹಂಚಿದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ವಾದಿಸುತ್ತ ಬಂದದ್ದರ ಹಿಂದಿನ ಕಾರಣ ಇಂಥಲ್ಲಿ ಮನವರಿಕೆಯಾಗುತ್ತದೆ. ಸಂಸ್ಕೃತದ ಅಥವಾ ಇಂಗ್ಲಿಷಿನ ಅಳತೆಗೋಲು ಹಿಡಿದರೆ ಈ ಹಂಚಿಕೆ ಕಣ್ಣಿಗೆ ಬೀಳುವುದೇ ಇಲ್ಲ.

ಹಾಗೆಂದು ಕನ್ನಡದಲ್ಲಿ ದನಿಗೆ ಕೆಲಸ ಕಡಿಮೆಯಾಯಿತು ಎನ್ನಲಾಗದು. ‘ರಾಮನೇ ಬಂದನೇ?’ ಎಂಬ ವಾಕ್ಯದಲ್ಲಿ ಎರಡು ‘ಏ’ ಇವೆ. ಮೊದಲನೆಯದು ಬೇರಾರೂ ಅಲ್ಲ ಎನ್ನುತ್ತದೆ, ಎರಡನೆಯದು ಪ್ರಶ್ನೆ ಕೇಳುತ್ತದೆ. ಅಕ್ಷರ ಒಂದೇ, ಬೇರೆ ಮಾಡುವುದು ದನಿ. ‘ಅಂತೆ’ಯನ್ನು ಸಮವಾಗಿ ಹೇಳಿದರೆ ಬರಿಯ ಸುದ್ದಿ. ಎಳೆದು ಏರಿಸಿ ‘ದೊಡ್ಡ ಮನುಷ್ಯನಂತೆ!’ ಎಂದರೆ ಅದರಲ್ಲಿ ಒಂದು ಚೂರೂ ನಂಬಿಕೆ ಇಲ್ಲ. ಪ್ರತ್ಯಯ ಬಾಗಿಲು ತೆರೆಯುತ್ತದೆ, ಯಾವ ಕಡೆಗೆ ಹೋಗಬೇಕೆಂದು ದನಿ ಹೇಳುತ್ತದೆ.

ಅಂಗಳಕ್ಕೆ ಕಾಲಿಟ್ಟವರನ್ನು ಮನೆಯವರು ‘ಬಂದ್ರಾ?’ ಎನ್ನುತ್ತಾರೆ. ಬಂದದ್ದು ಕಾಣುತ್ತಲೇ ಇದೆ, ‘ಆ’ ಮಾತ್ರ ಪ್ರಶ್ನೆಯದು. ಆದರೆ ದನಿ ಮೆದುವಾಗಿ ಇಳಿಯುವುದರಿಂದ ಅದು ಸ್ವಾಗತ. ಅದೇ ‘ಬಂದ್ರಾ?’ ತಡವಾಗಿ ಮನೆ ಸೇರಿದ ಮಗನ ಕಡೆಗೆ ಚುರುಕಾಗಿ ಬಂದರೆ, ಅದರಲ್ಲಿನ ಬಹುವಚನವೇ ಬೈಗುಳ. ಇನ್ನು ‘ಹೂಂ’ ಎಂಬ ಒಂದೇ ಒಂದು ದನಿಯನ್ನು ನೋಡಿ. ಒಪ್ಪಿಗೆ, ಅನುಮಾನ, ಸಿಟ್ಟು, ಬೇಸರ, ‘ಮುಂದೆ ಹೇಳು’ ಎಂಬ ಕುತೂಹಲ, ಎಲ್ಲವೂ ಅದರಲ್ಲಿ ಅಡಗುತ್ತವೆ. ಕಥೆ ಹೇಳುವ ಅಜ್ಜಿಗೆ ಮೊಮ್ಮಕ್ಕಳು ಹೂಂಗುಟ್ಟಲೇಬೇಕಿತ್ತು. ಹೂಂ ನಿಂತರೆ ಮಗು ನಿದ್ದೆಗೆ ಜಾರಿದೆ ಎಂದು ಅಜ್ಜಿ ಕಥೆ ನಿಲ್ಲಿಸುತ್ತಿದ್ದಳು.

ಹೊಗಳಿಕೆಯ ಪದವೇ ದನಿಯಿಂದ ಬೈಗುಳವಾಗುವುದಂತೂ ನಿತ್ಯದ ಅನುಭವ. ‘ಪುಣ್ಯಾತ್ಮ’, ‘ಮಹಾನುಭಾವ’ ಎಂಬ ಪದಗಳು ಕೃತಜ್ಞತೆಯ ಬಾಯಲ್ಲಿ ಒಂದು, ಸಿಟ್ಟಿನ ಬಾಯಲ್ಲಿ ಇನ್ನೊಂದು. ‘ಬಹಳ ಒಳ್ಳೇ ಕೆಲಸ ಮಾಡಿದೆ’ ಎಂಬ ಮಾತು ಕೇಳಿ ಹಿಗ್ಗಬೇಕೋ ಕುಗ್ಗಬೇಕೋ ಎಂಬುದನ್ನು ಅದರ ಅಕ್ಷರಗಳು ತಿಳಿಸುವುದಿಲ್ಲ. ಒಂಬತ್ತನೆಯ ಶತಮಾನದ ಆಲಂಕಾರಿಕ ರುದ್ರಟ ವಕ್ರೋಕ್ತಿಯಲ್ಲಿ ಶ್ಲೇಷ, ಕಾಕು ಎಂದು ಎರಡು ಬಗೆ ಮಾಡಿದ. ಶ್ಲೇಷದಲ್ಲಿ ಒಂದು ಪದಕ್ಕೆ ಎರಡು ಅರ್ಥ. ಕಾಕುವಿನಲ್ಲಿ ಒಂದು ಮಾತಿಗೆ ಎರಡು ದನಿ. ಗಮಕಿಗಳು ಕಾವ್ಯ ಓದುವಾಗ, ತಾಳಮದ್ದಳೆಯ ಅರ್ಥಧಾರಿಗಳು ವಾದಕ್ಕಿಳಿದಾಗ ಈ ಎರಡನೆಯದನ್ನೇ ನೆಚ್ಚುತ್ತಾರೆ.

ಬೆಟ್ಟದ ಊರಿನ ಕೂಗು

ಹಳೆಯ ವ್ಯಾಕರಣಗಳು ಹ್ರಸ್ವ, ದೀರ್ಘಗಳ ಜೊತೆಗೆ ‘ಪ್ಲುತ’ ಎಂಬ ಮೂರನೆಯ ಸ್ವರವನ್ನು ಹೇಳುತ್ತವೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ಅದು ಬರುವ ಕಡೆಗಳು ಮೂರು: ದೂರದವರನ್ನು ಕರೆಯುವಾಗ, ಹಾಡುವಾಗ, ಅಳುವಾಗ. ಪಟ್ಟಣದ ಮಕ್ಕಳಿಗೆ ಇದು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ವಿಷಯ. ಮನೆಯೊಂದು ಗುಡ್ಡದ ಈ ಕಡೆ, ಗದ್ದೆ ಕೆಳಗೆ, ನೆರೆಮನೆ ಇನ್ನೊಂದು ಗುಡ್ಡದ ಮೇಲೆ ಇರುವ ಕೊಡಗಿನಲ್ಲಿ ಪ್ಲುತ ದಿನದ ಅಗತ್ಯ. ‘ಅಣ್ಣಾ…’ ಎಂಬ ಕೂಗು ಕಣಿವೆ ದಾಟಬೇಕಾದರೆ ಕೊನೆಯ ಸ್ವರ ಉದ್ದವಾಗಲೇಬೇಕು. ಮಂಜು ಕವಿದು ಮನುಷ್ಯ ಕಾಣದಿದ್ದಾಗ ಕೂಗಿದವರು ಯಾರು, ಕರೆ ಊಟಕ್ಕೋ ಆಪತ್ತಿಗೋ ಎಂಬುದು ಆ ಎಳೆತದಿಂದಲೇ ತಿಳಿಯುತ್ತದೆ.

ಹಬ್ಬದ ಕೂಗಿನಲ್ಲೂ ಇದೇ ಪ್ಲುತ ಇದೆ. ಪುತ್ತರಿಯ ರಾತ್ರಿ ಗದ್ದೆಗಿಳಿದು ಹೊಸ ಬತ್ತದ ಕದಿರು ಕೊಯ್ಯುವಾಗ ಕೊಡಗಿನ ಮನೆಮನೆಯವರು ‘ಪೊಲಿ’ಯನ್ನು ಕೂಗುತ್ತಾರೆ. ತುಳುನಾಡಿನ ಕಳದಲ್ಲೂ ಕೇಳುವ ಪದ ಅದು. ಹೆಚ್ಚಲಿ, ಹುಲುಸಾಗಲಿ, ಸಮೃದ್ಧಿಯಾಗಲಿ ಎಂದು ಅದರ ಅರ್ಥ. ಆಟಿ ಅಮಾವಾಸ್ಯೆಯಂದು, ಮಳೆ ಜೋರಾಗಿರುವ ಹೊತ್ತಿನಲ್ಲಿ, ಭಾಗಮಂಡಲದ ಸಂಗಮದಲ್ಲಿ ಬಾಳೆದಿಂಡಿನ ಮಂಟಪ ಕಟ್ಟಿ ಕಾವೇರಿಗೆ ಬಾಗಿನ ತೇಲಿಬಿಡುವ ಹಬ್ಬದ ಹೆಸರೂ ಪೊಲಿಂಕಾನ. ‘ಸಮೃದ್ಧಿ’ ಎಂಬ ಪದವನ್ನು ಎಷ್ಟು ಎಳೆದು ಕೂಗಿದರೂ ಅದು ‘ಪೊಲಿ’ ಆಗದು. ಅರ್ಥ ಒಂದೇ ಇದ್ದರೂ ಆ ಪದದೊಳಗೆ ಗದ್ದೆಯ ಕತ್ತಲು, ಮನೆಮಂದಿಯ ಒಟ್ಟು ದನಿ ಬರುವುದಿಲ್ಲ. ದನಿಯ ಪ್ರಶ್ನೆ ಪದಗಳ ಪ್ರಶ್ನೆಯೊಡನೆ ಕೂಡುವುದು ಇಲ್ಲಿಯೇ.

ಸಂಗಮದ ಬದಿಯಲ್ಲಿ ಪದಗಳ ಆಯ್ಕೆ

ಕಾವೇರಿ, ಕನ್ನಿಕೆ, ಗುಪ್ತಗಾಮಿನಿ ಎಂದು ನಂಬಲಾದ ಸುಜ್ಯೋತಿ ಕೂಡುವ ಸಂಗಮಕ್ಕೆ ಅಗಲಿದ ಹಿರಿಯರಿಗೆ ಪಿಂಡ ಬಿಡಲು ದೂರದೂರದಿಂದ ಜನ ಬರುತ್ತಾರೆ. ಅವರು ತರುವ ಗಂಟಿನಲ್ಲಿ ‘ಅಸ್ಥಿ’ ಇರುತ್ತದೆ. ನಿಘಂಟಿನಲ್ಲಿ ಅಸ್ಥಿ, ಮೂಳೆ, ಎಲುಬು ಒಂದೇ. ಸಂಗಮದಲ್ಲಿ ‘ಮೂಳೆ ಬಿಡಲು ಬಂದೆವು’ ಎನ್ನುವ ಮಗನೂ ಇಲ್ಲ, ಮಗಳೂ ಇಲ್ಲ. ಆಸ್ಪತ್ರೆಯಲ್ಲಿ ವೈದ್ಯರು ‘ಮೂಳೆ ಮುರಿದಿದೆ’ ಎನ್ನುತ್ತಾರೆ. ಅಲ್ಲಿ ಅಸ್ಥಿ ಎಂದರೆ ಮನೆಯವರ ಜೀವ ಝಲ್ಲೆನ್ನುತ್ತದೆ. ಅಡುಗೆಮನೆಯಲ್ಲಿ ಅದು ಎಲುಬು. ಮೂರೂ ಪದಗಳು ಒಂದೇ ವಸ್ತುವನ್ನು ತೋರಿಸುತ್ತವೆ, ಆದರೆ ಒಂದು ದುಃಖದ ಮನೆಯದು, ಒಂದು ನೋವಿನದು, ಒಂದು ಊಟದ್ದು.

ಅಲ್ಲೇ ಮೆಟ್ಟಿಲಿಳಿದು ನೀರಿಗಿಳಿಯುವವರು ‘ಪುಣ್ಯಸ್ನಾನ’ ಮಾಡುತ್ತಾರೆ. ಮನೆಯಲ್ಲಿ ಮಗುವನ್ನು ‘ಮೀಯಿಸುತ್ತಾರೆ’. ಉತ್ತರ ಕರ್ನಾಟಕದಿಂದ ಬಂದ ಯಾತ್ರಿಕರು ‘ಜಳಕ’ ಮುಗಿಸುತ್ತಾರೆ. ಪುಣ್ಯಜಳಕ ಎಂಬ ಪದ ಹುಟ್ಟಲಿಲ್ಲ. ಪದಗಳು ಒಂಟಿಯಾಗಿ ಬದುಕುವುದಿಲ್ಲ, ಕೂಡಿಕೊಳ್ಳುವ ಜೊತೆಗಾರರನ್ನು ಆರಿಸಿಕೊಂಡಿರುತ್ತವೆ. ಎರಡು ಪದಗಳು ನಿಜವಾಗಿ ಸಮಾನವೇ ಎಂದು ತಿಳಿಯಲು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಕಾಡು, ಅರಣ್ಯ, ವನ, ಅಡವಿ ಸಮಾನಾರ್ಥಕ ಎಂದು ಮಕ್ಕಳು ಬರೆಯುತ್ತಾರೆ. ಆದರೆ ಕೊಡಗಿನಲ್ಲಿ 1,200ಕ್ಕೂ ಹೆಚ್ಚಿರುವ ‘ದೇವರಕಾಡು’ಗಳಲ್ಲಿ ಒಂದನ್ನೂ ಯಾರೂ ದೇವರ ಅರಣ್ಯ ಎಂದು ಕರೆದಿಲ್ಲ. ‘ಅರಣ್ಯ ಇಲಾಖೆ’ ಕಾಡು ಇಲಾಖೆಯಾಗದು. ‘ಕಾಡುಹಂದಿ’ ಅರಣ್ಯಹಂದಿಯಾಗದು. ‘ವನವಾಸ’ ಅಡವಿವಾಸವಾಗದು. ಕಾಡು ಕಣ್ಣಿಗೆ ಕಾಣುವುದು, ಅರಣ್ಯ ಕಡತದಲ್ಲಿರುವುದು, ವನ ಪುರಾಣದಿಂದ ಬಂದದ್ದು ಎಂದು ಜನರ ಬಾಯಿ ವಿಂಗಡಿಸಿಬಿಟ್ಟಿದೆ.

ತೀರ್ಥ ಉಕ್ಕುವ ದಿನಕ್ಕೂ ಒಂದಕ್ಕಿಂತ ಹೆಚ್ಚು ಹೆಸರು. ಪಂಚಾಂಗ ‘ತುಲಾ ಸಂಕ್ರಮಣ’ ಎನ್ನುತ್ತದೆ. ಅಲ್ಲಿ ಗಮನ ಸೂರ್ಯನ ಮೇಲೆ. ಯಾತ್ರಿಕರು ‘ತೀರ್ಥೋದ್ಭವ’ ಎನ್ನುತ್ತಾರೆ. ಗಮನ ಕುಂಡಿಕೆಯ ಮೇಲೆ. ಕೊಡವರು ‘ಕಾವೇರಿ ಚಂಗ್ರಾಂದಿ’ ಎನ್ನುತ್ತಾರೆ. ಗಮನ ತಾಯಿಯ ಮೇಲೆ. ಹೆಸರುಗಳು ತೋರಿಸುವ ದಿನ ಒಂದೇ, ನಿಂತು ನೋಡುವ ಜಾಗ ಬೇರೆ. ಸಮಾನಾರ್ಥಕ ಎಂದು ನಾವು ಕರೆಯುವ ಪದಗಳು ಹೆಚ್ಚಿನ ಪಾಲು ಹೀಗೆಯೇ.

ಈ ಆಯ್ಕೆ ಬರಿಯ ಭಕ್ತಿ, ಸಂಸ್ಕೃತಿಗಳ ವಿಷಯವಾಗಿ ನಿಲ್ಲುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಕುಟುಂಬವೇ ಮಣ್ಣುಪಾಲಾಯಿತು. ಪತ್ರಿಕೆ, ಪ್ರಕಟಣೆಗಳಲ್ಲಿ ಇಂಥದ್ದಕ್ಕೆಲ್ಲ ‘ಭೂಕುಸಿತ’ ಎಂಬ ಒಂದೇ ಪದ. ಕೊಡಗಿನವರು ‘ಬರೆ ಕುಸಿತ’ವನ್ನು ಬೇರೆಯಾಗಿ ಹೇಳುತ್ತಾರೆ. ಮನೆಯ ಹಿಂದಿನ, ರಸ್ತೆಯ ಬದಿಯ ಕಡಿದಾದ ಮಣ್ಣಿನ ಏರು ಬರೆ. ಬರೆ ಕುಸಿದರೆ ಗೋಡೆಗೆ ಅಪಾಯ, ಬೆಟ್ಟ ಕುಸಿದರೆ ಊರಿಗೆ ಅಪಾಯ. ಹಾಗೆಯೇ ‘ಹೊಳೆ ತುಂಬಿದೆ’ ಎಂಬುದು ಪ್ರತಿ ಮಳೆಗಾಲದ ಮಾತು, ‘ನೆರೆ ಬಂತು’ ಎಂಬುದು ಎಚ್ಚರದ ಮಾತು, ‘ಪ್ರವಾಹ’ ಮರುದಿನದ ಪತ್ರಿಕೆಯದು. ಎಚ್ಚರಿಕೆ ಕೊಡುವ ಅಧಿಕಾರಿ ಊರಿನವರ ಪದವನ್ನು ಅವರ ದನಿಯಲ್ಲಿ ಹೇಳಿದರೆ ಜನ ಬೇಗ ಎದ್ದು ಹೊರಡುತ್ತಾರೆ. ಧ್ವನಿವರ್ಧಕದಲ್ಲಿ ಒಂದೇ ಸಮನೆ ಓದಿದ ಪ್ರಕಟಣೆಯಲ್ಲಿ ಅವಸರ ಕೇಳಿಸುವುದಿಲ್ಲ.

ಪಟ್ಟಿ ಹುಟ್ಟಿದ ಕಾರಣ

ಸಮಾನಾರ್ಥಕ ಪದಗಳ ಪಟ್ಟಿ ಮಾಡಿದವರು ತಪ್ಪು ಮಾಡಿದರೇ? ಇಲ್ಲ. ಅಮರಕೋಶ, ರನ್ನನ ಹೆಸರಿನ ನಿಘಂಟು, ನಾಗವರ್ಮನ ಅಭಿಧಾನ ವಸ್ತುಕೋಶ, ಮಂಗರಾಜನ ನಿಘಂಟು ಮುಖ್ಯವಾಗಿ ಕವಿಗಳಿಗಾಗಿ ಹುಟ್ಟಿದವು. ಹಳಗನ್ನಡ ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕೆಂಬ ಪ್ರಾಸದ ನಿಯಮವಿತ್ತು, ಜೊತೆಗೆ ಗಣ, ಮಾತ್ರೆಗಳ ಲೆಕ್ಕ. ನೀರು ಹೊಂದದ ಕಡೆ ವಾರಿ, ಅದೂ ಹೊಂದದಿದ್ದರೆ ಸಲಿಲ, ಜಲ, ಉದಕ. ಕವಿಗೆ ಕೈಯಳತೆಯಲ್ಲಿ ಹತ್ತು ಪದ ಬೇಕಿತ್ತು. ಯಾವುದು ಎಲ್ಲಿ ಒಪ್ಪುತ್ತದೆ ಎಂಬ ವಿವೇಕ ಅವನಿಗೆ ಮೊದಲೇ ಇತ್ತು. ಇಂದು ಪಟ್ಟಿ ಮಾತ್ರ ಮಕ್ಕಳ ಕೈಗೆ ಬಂದಿದೆ, ವಿವೇಕವನ್ನು ಕಲಿಸುವ ಪಾಠ ಬಂದಿಲ್ಲ.

ಆ ವಿವೇಕವನ್ನು ನಿಘಂಟಿನೊಳಗೇ ತಂದವರೂ ಇದ್ದಾರೆ. ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟೆಲ್ 1870ರ ದಶಕದಲ್ಲಿ ಮಡಿಕೇರಿಯಲ್ಲೂ ನೆಲೆಸಿದ್ದವರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಅಚ್ಚು ಹಾಕಿಸಿದ ಅವರು 1894ರಲ್ಲಿ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟು ಪದಕ್ಕೆ ಅರ್ಥ ಕೊಟ್ಟು ಸುಮ್ಮನಾಗುವುದಿಲ್ಲ. ಗಾದೆ, ಆಡುಮಾತು, ಕಾವ್ಯಪ್ರಯೋಗಗಳನ್ನು ಬೆನ್ನಿಗೆ ಇಡುತ್ತದೆ. ಮುಂದೆ ಜಿ. ವೆಂಕಟಸುಬ್ಬಯ್ಯನವರು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲೂ, ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲೂ, ಪಾ. ವೆಂ. ಆಚಾರ್ಯರು ‘ಪದಾರ್ಥ ಚಿಂತಾಮಣಿ’ಯಲ್ಲೂ ಪದವನ್ನು ಅದರ ಬಳಕೆಯಿಂದಲೇ ಅಳೆದರು. ಒಂದು ಅರ್ಥಕ್ಕೆ ಕನ್ನಡದಲ್ಲಿ ಇಷ್ಟು ಪದಗಳಿರುವುದಕ್ಕೂ ಕಾರಣ ಸ್ಪಷ್ಟ. ದ್ರಾವಿಡ ಮೂಲದ ಪದ, ಸಂಸ್ಕೃತದಿಂದ ಬಂದದ್ದು, ಅದರ ತದ್ಭವ, ಪಾರಸಿ-ಅರಬ್ಬಿಯದು, ಪೋರ್ಚುಗೀಸರದು, ಇಂಗ್ಲಿಷಿನದು ಒಂದರ ಮೇಲೊಂದು ಬಂದು ನೆಲೆಸಿವೆ. ಬಂದವು ಹಳೆಯದನ್ನು ಓಡಿಸದೆ ಕೆಲಸ ಹಂಚಿಕೊಂಡವು. ಕೊಡಗಿನವರಿಗೆ ‘ಐನ್‌ಮನೆ’ ಕುಲದ ಮೂಲಮನೆ, ‘ಲೈನ್‌ಮನೆ’ ತೋಟದ ಕೂಲಿಕಾರರ ಸಾಲುಮನೆ. ಮನೆ ಎಂಬ ಪದ ಎರಡರಲ್ಲೂ ಇದೆ, ಒಳಗಿನ ಬದುಕು ಬೇರೆ.

ಐದು ಭಾಷೆಗಳ ಊರು

ಭಾಗಮಂಡಲದ ಸುತ್ತಲಿನಲ್ಲಿ ಅರೆಭಾಷೆ, ಕೊಡವ ತಕ್ಕ್, ಕನ್ನಡ, ತುಳು, ಮಲಯಾಳಂ ಒಟ್ಟಿಗೆ ಕೇಳುತ್ತವೆ. ಕರಿಕೆಯ ದಾರಿ ಹಿಡಿದರೆ ಕಾಸರಗೋಡು ಜಿಲ್ಲೆಯ ಪಾಣತ್ತೂರು. ಬಸ್‌ ನಿಲ್ದಾಣದಲ್ಲಿ ಬೀಳ್ಕೊಳ್ಳುವವರ ಮಾತು ಕೇಳಿದರೆ ಈ ಭಾಷೆಗಳ ನಂಟು ತಿಳಿಯುತ್ತದೆ. ಕನ್ನಡದವರು ‘ಹೋಗಿ ಬರ್ತೇನೆ’ ಎನ್ನುತ್ತಾರೆ, ಕೊಡವರು ‘ಪೋಯಿತ್ ಬಪ್ಪಿ’, ತುಳುವರು ‘ಪೋದ್ ಬರ್ಪೆ’, ಮಲಯಾಳಿಗಳು ‘ಪೋಯಿಟ್ಟು ವರಾಂ’. ಬರಿಯ ‘ಹೋಗ್ತೇನೆ’ ಎಂದು ಹೊರಡುವುದು ಯಾವ ಮನೆಗೂ ಒಗ್ಗದು. ಭಾಷೆ ನಾಲ್ಕಾದರೂ ‘ಮರಳಿ ಬರುತ್ತೇನೆ’ ಎಂಬ ಭರವಸೆ ಒಂದೇ. ಧಾಟಿ ಮಾತ್ರ ಒಂದೊಂದರದು ಒಂದೊಂದು. ಪದ ಕಿವಿಗೆ ಸ್ಪಷ್ಟವಾಗುವ ಮೊದಲೇ ಆಡುತ್ತಿರುವವರು ಯಾವ ಭಾಷೆಯವರೆಂದು ಊರಿನವರು ಹೇಳಿಬಿಡುತ್ತಾರೆ.

ಈ ಧಾಟಿಗಳು ಬರಹಕ್ಕೆ ಸುಲಭವಾಗಿ ಸಿಗುವುದಿಲ್ಲ. ಕೊಡವ ತಕ್ಕ್‌ನಲ್ಲಿ ಇ, ಎ ಸ್ವರಗಳನ್ನು ನಾಲಗೆ ಹಿಂದಕ್ಕೆ ಎಳೆದು ಉಚ್ಚರಿಸುವ ಬೇರೆ ಸ್ವರಗಳಿವೆ; ಕನ್ನಡ ಲಿಪಿಯಲ್ಲಿ ಅವಕ್ಕೆ ಅಕ್ಷರವಿಲ್ಲ. 1930ರ ದಶಕದಲ್ಲಿ ಕೊಡಗಿನಲ್ಲಿ ಕ್ಷೇತ್ರಕಾರ್ಯ ಮಾಡಿದ ಭಾಷಾವಿಜ್ಞಾನಿ ಮರ್ರೆ ಎಮೆನೊ ಈ ಸ್ವರಗಳನ್ನು ಕಿವಿಗೊಟ್ಟು ಕೇಳಿ ದಾಖಲಿಸಿದರು. ಕೊಡಗಿನ ಗೌಡರ ಅರೆಭಾಷೆಯನ್ನು ಅದನ್ನೇ ಆಡಿ ಬೆಳೆದ ವಿದ್ವಾಂಸ ಕೋಡಿ ಕುಶಾಲಪ್ಪ ಗೌಡರು ಅಧ್ಯಯನ ಮಾಡಿ, 1970ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಮೂಲಕ ಪ್ರಕಟಿಸಿದರು. ಹುಡುಗನಿಗೆ ‘ಹೈದ’, ಹುಡುಗಿಗೆ ‘ಗೂಡೆ’ ಎನ್ನುವ ಆ ಭಾಷೆಯನ್ನು ‘ಅರೆ’ ಎಂಬ ಹೆಸರು ನೋಡಿ ಅರ್ಧ ಎಂದುಕೊಳ್ಳುವವರಿದ್ದಾರೆ. ಮನೆಯ ಪ್ರೀತಿ, ಜಗಳ, ಶೋಕ, ಹಾಸ್ಯ ಎಲ್ಲವನ್ನೂ ಹೇಳಬಲ್ಲ ಭಾಷೆ ಪೂರ್ಣ ಭಾಷೆಯೇ.

ಕೊಡವ ಸಾಹಿತ್ಯ ಅಕಾಡೆಮಿ 1994ರಿಂದ, ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ 2011ರಿಂದ ಮಡಿಕೇರಿಯಲ್ಲಿ ಕೆಲಸ ಮಾಡುತ್ತಿವೆ. ಪದ ಕಲೆಹಾಕುವ, ಪುಸ್ತಕ ತರುವ ಕೆಲಸ ನಡೆದಿದೆ. ಇವು ಅಗತ್ಯವಾದ ಕೆಲಸಗಳು. ಆದರೆ 2001ರ ಜನಗಣತಿಯಲ್ಲಿ 1.66 ಲಕ್ಷವಿದ್ದ ಕೊಡವ ಮಾತೃಭಾಷಿಕರು 2011ರಲ್ಲಿ 1.14 ಲಕ್ಷಕ್ಕೆ ಇಳಿದರು. ಯುನೆಸ್ಕೊದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಕೊಡವ ಭಾಷೆಯ ಹೆಸರಿದೆ. ಆಡುವವರು ಕಡಿಮೆಯಾದಾಗ ಪದಗಳು ಪುಸ್ತಕದಲ್ಲಿ ಉಳಿದಾವು, ಧಾಟಿ ಉಳಿಯುವುದಿಲ್ಲ. ನೂರು ವರ್ಷದ ನಂತರ ‘ಪೊಲಿ’ ಎಂದರೆ ಸಮೃದ್ಧಿ ಎಂದು ಓದಿದವರಿಗೆ ಅದನ್ನು ಹೇಗೆ ಕೂಗುತ್ತಿದ್ದರೆಂದು ಯಾವ ಕೋಶವೂ ಹೇಳಲಾರದು.

ಕನ್ನಡಕ್ಕೂ ಈ ಮಾತು ಸಲ್ಲುತ್ತದೆ. ಮೊಬೈಲ್ ಸಂದೇಶದಲ್ಲಿ ‘ಸರಿ’ ಎಂಬ ಎರಡಕ್ಷರ ಬಂದಾಗ ಕಳಿಸಿದವರು ಒಪ್ಪಿದರೋ, ಮುನಿಸಿಕೊಂಡರೋ ತಿಳಿಯದೆ ಎಷ್ಟು ಮನಸ್ಸುಗಳು ಕೆಡುತ್ತವೆ. ನಗುಮುಖದ ಚಿತ್ರ ಅಂಟಿಸಿ ಆ ಕೊರತೆ ತುಂಬಲು ನೋಡುತ್ತೇವೆ. ಮನೆಯಲ್ಲಿ ಗಟ್ಟಿಯಾಗಿ ಓದುವ ರೂಢಿ ಹೋಯಿತು. ಶಾಲೆಯಲ್ಲಿ ಪದ್ಯವನ್ನು ಬಿಡಿಸಿ ಓದಿಸುವುದೂ ಕಡಿಮೆಯಾಗುತ್ತಿದೆ. ಓದಿನಲ್ಲಿ ದನಿ ಕೇಳದೆ ಬೆಳೆದ ಮಗುವಿಗೆ ಕಾಕು ಎಲ್ಲಿಂದ ಬಂದೀತು?

ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಸಮಾನಾರ್ಥಕ ಪದಗಳನ್ನು ಕಲಿಸುವ ಅಧ್ಯಾಪಕರು ಪ್ರತಿ ಪದಕ್ಕೂ ಒಂದು ವಾಕ್ಯ ಬರೆಸಲಿ; ಒಂದರ ಜಾಗದಲ್ಲಿ ಇನ್ನೊಂದನ್ನು ಇಡಿಸಿ ಏನು ಕೆಟ್ಟಿತು ಎಂದು ಮಕ್ಕಳನ್ನೇ ಕೇಳಲಿ. ವಾರಕ್ಕೊಂದು ತರಗತಿ ಗಟ್ಟಿಯಾದ ಓದಿಗೆ ಮೀಸಲಾಗಲಿ. ಎರಡೂ ಅಕಾಡೆಮಿಗಳು ಪದಕೋಶದ ಜೊತೆಗೆ ಧ್ವನಿಕೋಶವನ್ನೂ ಕಟ್ಟಲಿ: ಕರೆಯುವ ಕೂಗು, ಮಗುವನ್ನು ಸಂತೈಸುವ ಮಾತು, ಜಗಳ, ಬೀಳ್ಕೊಡುಗೆ, ಹಬ್ಬದ ಪೊಲಿ ಎಲ್ಲವೂ ಆಡುವವರ ದನಿಯಲ್ಲೇ ಅದರಲ್ಲಿರಲಿ. ಮಡಿಕೇರಿ ಆಕಾಶವಾಣಿಯ ಬಳಿ ಇರುವ ಹಳೆಯ ಧ್ವನಿಮುದ್ರಣಗಳು ಜನರಿಗೆ ಸುಲಭವಾಗಿ ಸಿಗುವಂತಾಗಲಿ. ಇದನ್ನು ಓದಿದ ನೀವು ಅಧಿಕಾರದಲ್ಲಿರುವವರು ಮಾಡಲಿ ಎಂದು ಕಾಯಬೇಕಿಲ್ಲ. ಮನೆಯಲ್ಲಿ ಹಿರಿಯರಿದ್ದರೆ, ಅವರು ತಮ್ಮ ಭಾಷೆಯಲ್ಲಿ ಒಂದು ಕಥೆ ಹೇಳುವಾಗ ಫೋನಿನಲ್ಲಿ ಧ್ವನಿಮುದ್ರಿಸಿ, ಹೇಳಿದವರ ಹೆಸರು, ಊರು, ದಿನಾಂಕ ಬರೆದಿಡಿ. ಅವರ ಪದಗಳನ್ನು ಬೇರೆಯವರಿಂದಲೂ ಪಡೆಯಬಹುದು. ದನಿಯನ್ನು ಅವರಿರುವಾಗಲೇ ಪಡೆಯಬೇಕು.